ಬೆನ್ನುಮೂಳೆಯಲ್ಲಿ ‘ಹೆಮಾಂಜಿಯೋಮಾ’ ಎಂದು ವರದಿ ಬಂದಿದೆ, ಚಿಕಿತ್ಸೆ ಬೇಕೇ?

ಪ್ರಶ್ನೆ (ಮಂಡ್ಯ):
ನಮ್ಮ ತಾಯಿಯವರಿಗೆ 54 ವರ್ಷ. ಸೊಂಟನೋವು ಹೆಚ್ಚಾದುದರಿಂದ ಮೈಸೂರಿನಲ್ಲಿ ಎಂಆರ್‌ಐ ಮಾಡಿಸಿದೆವು. ಕೆಳಗಿನ ಡಿಸ್ಕ್ ಸವೆದಿರುವುದರ ಜೊತೆಗೆ ಡಿ11 ಮೂಳೆಯಲ್ಲಿ (ಬೆನ್ನಿನ ಎದೆಭಾಗದ 11ನೇ ಮೂಳೆ) ಸಣ್ಣ ಹೆಮಾಂಜಿಯೋಮಾ ಇದೆಯೆಂದು ವರದಿಯಲ್ಲಿ ಬರೆದಿದ್ದಾರೆ. ಅದಕ್ಕೆ ಏನೂ ಮಾಡಬೇಕಾಗಿಲ್ಲವೆಂದು ವೈದ್ಯರು ಹೇಳಿದರು. ಆದರೆ ‘ಗಡ್ಡೆ’ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ನೆಂಟರೆಲ್ಲ ಬೆಂಗಳೂರಿಗೆ ಕರೆದೊಯ್ಯಿರಿ ಎನ್ನುತ್ತಿದ್ದಾರೆ. ಅಮ್ಮನಿಗೆ ಊಟ ಸೇರುತ್ತಿಲ್ಲ. ಗಡ್ಡೆಯಿದ್ದೂ ಸುಮ್ಮನಿರುವುದು ಸರಿಯೇ?

ಉತ್ತರ (ಮೈಸೂರು, ಮೂಳೆ ವಿಭಾಗದ ವೈದ್ಯ):
ಇದು ಮೂಳೆಯೊಳಗೆ ರಕ್ತನಾಳಗಳು ಗುಂಪುಗೂಡಿ ಆಗುವ ಬೆಳವಣಿಗೆ, ಕ್ಯಾನ್ಸರ್ ಅಲ್ಲ. ಸುಮಾರು 10 ಜನರಲ್ಲಿ ಒಬ್ಬರಿಗೆ ಇರುತ್ತದೆ, ಬೇರೆ ಕಾರಣಕ್ಕೆ ಸ್ಕ್ಯಾನ್ ಮಾಡಿಸಿದಾಗಲಷ್ಟೇ ಗೊತ್ತಾಗುತ್ತದೆ. ಒಳಗೆ ಕೊಬ್ಬು ಹೆಚ್ಚಾಗಿರುವುದರಿಂದ ಎಂಆರ್‌ಐಯ ಟಿ1, ಟಿ2 ಎರಡೂ ಚಿತ್ರಗಳಲ್ಲಿ ಬೆಳ್ಳಗೆ ಕಾಣುವುದು ಅದರ ಸಾಮಾನ್ಯ ಗುರುತು. ಅಮ್ಮನವರ ನೋವಿಗೆ ಡಿಸ್ಕ್ ಕಾರಣವಾಗಿರುವ ಸಂಭವವೇ ಹೆಚ್ಚು.

ಚಿಕಿತ್ಸೆಯ ಮಾತು ಬರುವುದು ಗಡ್ಡೆ ಮೂಳೆಯನ್ನು ದಾಟಿ ಬೆನ್ನುಹುರಿಯನ್ನು ಒತ್ತಿದಾಗ, ಮೂಳೆ ಕುಸಿದಾಗ, ಅಥವಾ ಬೇರೆ ಕಾರಣವಿಲ್ಲದೆ ಆ ಜಾಗದಲ್ಲೇ ನೋವು ಉಳಿದಾಗ. ಆಗ ಸಂದರ್ಭಕ್ಕೆ ತಕ್ಕಂತೆ ಮೂಳೆಗೆ ಸಿಮೆಂಟ್ ತುಂಬುವುದು, ರಕ್ತನಾಳ ಮುಚ್ಚುವುದು, ವಿಕಿರಣ ಅಥವಾ ಶಸ್ತ್ರಚಿಕಿತ್ಸೆ ಎಂಬ ದಾರಿಗಳಿವೆ. ಇಂಥದು ವಿರಳ.

ಉತ್ತರ (ಮದ್ದೂರು):
ಮೇಲಿನ ಮಾತು ಎಲ್ಲ ಗಡ್ಡೆಗಳಿಗೂ ಅನ್ವಯಿಸದು. ನನ್ನ ಅಕ್ಕನಿಗೆ ಆದದ್ದು ನರದ ಹೊದಿಕೆಯಲ್ಲಿ ಬೆಳೆಯುವ ಶ್ವಾನೋಮಾ. ಅದೂ ಕ್ಯಾನ್ಸರ್ ಅಲ್ಲವೆಂದೇ ಹೇಳಿದ್ದರು. ಆದರೆ ನಡೆಯುವಾಗ ಚಪ್ಪಲಿ ಕಾಲಿನಿಂದ ಜಾರಿಹೋದರೂ ಅವಳಿಗೆ ತಿಳಿಯುತ್ತಿರಲಿಲ್ಲ, ಮೆಟ್ಟಿಲಿಳಿಯಲು ಗೋಡೆ ಹಿಡಿಯಬೇಕಿತ್ತು. ಬೆನ್ನುಹುರಿ ಒತ್ತಿಕೊಂಡಿದ್ದರಿಂದ ಶಸ್ತ್ರಚಿಕಿತ್ಸೆ ಮಾಡಿದರು. ಈಗ ನಡೆಯುತ್ತಾಳೆ, ಪಾದದ ಜೋಮು ಮಾತ್ರ ಪೂರ್ತಿ ಹೋಗಿಲ್ಲ. ಹೆಸರಿಗಿಂತ ಅದು ಎಲ್ಲಿದೆ, ಏನನ್ನು ಒತ್ತುತ್ತಿದೆ ಎಂದು ಕೇಳಿ.

ಪ್ರಶ್ನೆ ಕೇಳಿದವರು:
ಅಮ್ಮನಿಗೆ ಕಾಲಿನ ಬಲ ಸರಿಯಾಗಿದೆ, ಜೋಮಿಲ್ಲ. ಹಾಗಾದರೆ ವರ್ಷಕ್ಕೊಮ್ಮೆ ಎಂಆರ್‌ಐ ಬೇಕೇ?

ಉತ್ತರ (ಮೈಸೂರು, ಮೂಳೆ ವಿಭಾಗದ ವೈದ್ಯ):
ವರದಿಯಲ್ಲಿ ಸಂದೇಹದ ಮಾತಿಲ್ಲದಿದ್ದರೆ ಸಾಮಾನ್ಯವಾಗಿ ಬೇಡ. ಆ ಹಣವನ್ನು ಫಿಸಿಯೋಥೆರಪಿಗೆ ಖರ್ಚು ಮಾಡಿ. ಆದರೆ ಕಾಲಿನ ಬಲ ಕುಗ್ಗಿದರೆ, ಕುಳಿತುಕೊಳ್ಳುವ ಭಾಗದಲ್ಲಿ ಸ್ಪರ್ಶ ತಿಳಿಯದಿದ್ದರೆ, ಮೂತ್ರ ಕಟ್ಟಿಕೊಂಡರೆ ಅಥವಾ ಮಲಮೂತ್ರದ ಹಿಡಿತ ತಪ್ಪಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು. ರಾತ್ರಿ ನಿದ್ದೆಗೆಡಿಸುವ ನೋವು, ಜ್ವರ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೂ ತಡಮಾಡದೆ ಮತ್ತೆ ತೋರಿಸಿ. ಹೋಗುವಾಗ ವರದಿಯ ಹಾಳೆಯೊಂದೇ ಸಾಲದು, ಸ್ಕ್ಯಾನಿನ ಫಿಲ್ಮ್ ಅಥವಾ ಸಿಡಿಯನ್ನೂ ಒಯ್ಯಿರಿ.