ಮನೆಯಲ್ಲೇ ಕಾರಿನ ಬಾನೆಟ್ ಒಳಭಾಗ ಸ್ವಚ್ಛಗೊಳಿಸುವಾಗ ನೀರು ಬಳಸಬಹುದೇ?

ಪ್ರಶ್ನೆ: ಬನಶಂಕರಿ ನಿವಾಸಿ

ಎಲ್ಲರಿಗೂ ನಮಸ್ಕಾರ. ನನ್ನದು 2016ರ ಮಾದರಿಯ ಪೆಟ್ರೋಲ್ ಹ್ಯಾಚ್‌ಬ್ಯಾಕ್. ಮನೆಯ ಮುಂದೆ ಹೊಂಗೆ ಮರದ ಕೆಳಗೆ ನಿಲ್ಲಿಸುತ್ತೇನೆ. ನಿತ್ಯವೂ ಕನಕಪುರ ರಸ್ತೆಯಲ್ಲಿ ಓಡಾಡುವುದರಿಂದ ಕಟ್ಟಡ ಕಾಮಗಾರಿಗಳ ಧೂಳು ಬಾನೆಟ್ ಒಳಗೆ ಪದರಗಟ್ಟಿದೆ, ಟ್ಯಾಪೆಟ್ ಕವರಿನ (ಎಂಜಿನ್ ಮೇಲಿನ ಮುಚ್ಚಳ) ಅಂಚಿನಲ್ಲಿ ಆ ಧೂಳು ಎಣ್ಣೆಯೊಂದಿಗೆ ಬೆರೆತು ಕಪ್ಪು ಜಿಡ್ಡಾಗಿದೆ. ವಾಟರ್ ವಾಷ್ ಅಂಗಡಿಯೊಂದರಲ್ಲಿ ಪ್ರೆಷರ್ ವಾಷರ್ ಹಿಡಿದು ನೇರವಾಗಿ ಎಂಜಿನ್ ಮೇಲೆಯೇ ನೀರು ಹಾಯಿಸುವುದನ್ನು ನೋಡಿದ ಮೇಲೆ ಕಾರನ್ನು ಅಲ್ಲಿಗೆ ಕೊಡಲು ಮನಸ್ಸಾಗಲಿಲ್ಲ. ಈ ಕೆಲಸವನ್ನು ಮನೆಯಲ್ಲಿ ನಾನೇ ಮಾಡುವುದಾದರೆ ನೀರು ಬಳಸಬಹುದೇ? ಜಿಡ್ಡಿಗೆ ಸೀಮೆಎಣ್ಣೆ ಅಥವಾ ಡೀಸೆಲ್ ಸಾಕು ಎನ್ನುವವರ ಮಾತು ಸರಿಯೇ? ಕೊನೆಯಲ್ಲಿ ಹೊಳಪಿಗೆ ಏನು ಹಚ್ಚಬೇಕು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಉತ್ತರ: ಜಯನಗರದ ಹವ್ಯಾಸಿ

ನಮಸ್ಕಾರ ಸರ್. ನೀರು ಬಳಸಬಹುದು, ಆದರೆ ನಿಮ್ಮ ಕಾರಿನ ಸ್ಥಿತಿಯನ್ನು ನೋಡಿದರೆ ಮುಕ್ಕಾಲು ಪಾಲು ಕೆಲಸ ನೀರಿಲ್ಲದೆಯೇ ಮುಗಿಯುತ್ತದೆ ಎಂದು ನನಗನ್ನಿಸುತ್ತದೆ. ನಮ್ಮ ಊರಿನ ಎಂಜಿನ್‌ಗಳ ಮೇಲೆ ಕೂರುವುದು ಹೆಚ್ಚಾಗಿ ಒಣ ಧೂಳು. ಅದರ ಮೇಲೆ ಮೊದಲೇ ನೀರು ಬಿದ್ದರೆ ಕೆಸರಾಗಿ ವೈರುಗಳ ಸಂದಿಗೆ ಇಳಿದುಬಿಡುತ್ತದೆ. ಆದ್ದರಿಂದ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ, ರಾತ್ರಿಯಿಡೀ ನಿಂತಿದ್ದ ಕಾರನ್ನು ಬೆಳಿಗ್ಗೆ ಸ್ಟಾರ್ಟ್ ಮಾಡುವುದಕ್ಕೂ ಮುಂಚೆ ಕೆಲಸ ಆರಂಭಿಸಿ. ಮೊದಲು ಒಣಗಿದ ಎಲೆಗಳನ್ನು ಕೈಯಿಂದ ತೆಗೆಯಿರಿ. ವೈಪರ್ ಕೆಳಗಿನ ಜಾಲರಿಯನ್ನು ಮರೆಯಬೇಡಿ. ಅಲ್ಲಿ ಹೊಂಗೆಯ ಎಲೆ ಮತ್ತು ಹೂವು ಕೊಳೆತು ನೀರು ಹೋಗುವ ರಂಧ್ರ ಮುಚ್ಚಿಕೊಂಡರೆ ಮಳೆಗಾಲದಲ್ಲಿ ನೀರು ಕಾರಿನ ಒಳಕ್ಕೇ ನುಗ್ಗಬಹುದು. ಆಮೇಲೆ ಬಣ್ಣ ಬಳಿಯುವ ಮೆತ್ತನೆಯ ಬ್ರಷ್ ಒಂದು ಕೈಯಲ್ಲಿ, ವ್ಯಾಕ್ಯೂಮ್ ಕ್ಲೀನರ್ ಇನ್ನೊಂದು ಕೈಯಲ್ಲಿ ಹಿಡಿದು, ಮೇಲಿನಿಂದ ಕೆಳಕ್ಕೆ ಧೂಳನ್ನು ಎಬ್ಬಿಸುತ್ತಾ ಎಳೆದುಕೊಳ್ಳಿ.

ಜಿಡ್ಡಿನ ಭಾಗಕ್ಕೆ ಕೈಹಾಕುವ ಮುನ್ನ ಬ್ಯಾಟರಿಯ ನೆಗೆಟಿವ್ ಕೇಬಲ್ ಬಿಚ್ಚುವುದು ಒಳ್ಳೆಯದು. ಮರುಜೋಡಿಸಿದಾಗ ಗಡಿಯಾರದ ಸಮಯವನ್ನು ಸರಿಪಡಿಸಬೇಕಾಗುತ್ತದೆ, ಕೆಲವು ಕಾರುಗಳಲ್ಲಿ ಸ್ಟೀರಿಯೋ ಕೋಡ್ ಕೇಳುತ್ತದೆ. ಆ ಕೋಡ್ ಕೈಯಲ್ಲಿದೆಯೇ ಎಂದು ಮೊದಲೇ ನೋಡಿಕೊಳ್ಳಿ. ಆಲ್ಟರ್ನೇಟರ್ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ), ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್), ಪ್ಲಗ್‌ಗೆ ಕಿಡಿ ಕೊಡುವ ಇಗ್ನಿಷನ್ ಕಾಯಿಲ್‌ಗಳು ಮತ್ತು ಏರ್ ಫಿಲ್ಟರ್‌ಗೆ ಗಾಳಿ ಎಳೆಯುವ ಬಾಯಿ, ಇವಿಷ್ಟನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ. ಎಣ್ಣೆ ತುಂಬುವ ಮುಚ್ಚಳ ಮತ್ತು ಎಣ್ಣೆಯ ಮಟ್ಟ ನೋಡುವ ಡಿಪ್‌ಸ್ಟಿಕ್ ಬಿಗಿಯಾಗಿವೆಯೇ ಎಂದು ಪರೀಕ್ಷಿಸಿ. ಜಿಡ್ಡು ಬಿಡಿಸುವ ದ್ರವವಾದ ಡಿಗ್ರೀಸರ್ ಅನ್ನು ನೀರು ಬೆರೆಸಿ ತೆಳುವಾಗಿಸಿ, ಅದನ್ನು ಎಂಜಿನ್ ಮೇಲೆ ಸಿಂಪಡಿಸುವುದಕ್ಕಿಂತ ಬ್ರಷ್‌ಗೆ ಹಚ್ಚಿಕೊಂಡು ಉಜ್ಜಿದರೆ ದ್ರವ ಎಲ್ಲಿಗೆ ಹೋಗುತ್ತಿದೆ ಎಂಬುದು ನಿಮ್ಮ ಹತೋಟಿಯಲ್ಲಿರುತ್ತದೆ. ಅದು ಒಣಗುವ ಮೊದಲೇ ಒರೆಸಿ ತೆಗೆಯಲೇಬೇಕು, ಏಕೆಂದರೆ ಕ್ಷಾರೀಯ ಡಿಗ್ರೀಸರ್ ಅಲ್ಯುಮಿನಿಯಂ ಮೇಲೆ ಒಣಗಿದರೆ ಬಿಳಿ ಕಲೆ ಉಳಿದುಬಿಡುತ್ತದೆ. ತೊಳೆದೇ ತೀರಬೇಕಾದ ಜಾಗವಿದ್ದರೆ ಗಿಡಗಳಿಗೆ ಸಿಂಪಡಿಸುವ ಕೈಪಂಪಿನ ತುಂತುರು ಸಾಕು, ಪೈಪು ಬೇಡ.

ಹೊಳಪಿಗೆ ನೀರಿನ ಆಧಾರದ ಡ್ರೆಸ್ಸಿಂಗ್ (ಹೊಳಪು ಕೊಡುವ ದ್ರವ) ತೆಗೆದುಕೊಂಡು, ಬಟ್ಟೆಗೆ ಹಚ್ಚಿ, ಪ್ಲಾಸ್ಟಿಕ್ ಮತ್ತು ರಬ್ಬರ್ ಕೊಳವೆಗಳಿಗೆ ಮಾತ್ರ ತೆಳುವಾಗಿ ಒರೆಸಿ. ಫ್ಯಾನ್ ಬೆಲ್ಟ್‌ಗೆ ಒಂದು ಹನಿಯೂ ತಾಗಬಾರದು, ತಾಗಿದರೆ ಬೆಲ್ಟ್ ಜಾರಿ ಕಿರುಗುಟ್ಟುತ್ತದೆ. ಎಣ್ಣೆಯಂತೆ ಮಿರುಗುವ ಸಿಲಿಕಾನ್ ಸ್ಪ್ರೇ ನನಗೆ ಸ್ವಲ್ಪವೂ ಇಷ್ಟವಿಲ್ಲ. ಅದರ ಜಿಡ್ಡಿಗೆ ವಾರದೊಳಗೆ ಹಿಂದಿನದಕ್ಕಿಂತ ಹೆಚ್ಚು ಧೂಳು ಅಂಟಿಕೊಳ್ಳುತ್ತದೆ.

ಉತ್ತರ: ಜೆ.ಸಿ. ರಸ್ತೆ ಮೆಕ್ಯಾನಿಕ್

ಮೇಲಿನವರು ಹೇಳಿದ ಕ್ರಮ ಸರಿಯಾಗಿದೆ. ಸೀಮೆಎಣ್ಣೆ, ಡೀಸೆಲ್, ಪೆಟ್ರೋಲ್ ಯಾವುದನ್ನೂ ಬಳಸಬೇಡಿ. ಇವು ರಬ್ಬರ್ ಹೋಸ್‌ಗಳನ್ನು ಉಬ್ಬಿಸಿ ಮೆತ್ತಗಾಗಿಸುತ್ತವೆ, ಅಲ್ಲದೆ ಸಂದಿಯಲ್ಲಿ ಉಳಿದ ಹನಿ ಕಾದ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ಗೆ (ಎಂಜಿನ್ ಹೊಗೆ ಹೊರಹೋಗುವ ಕೊಳವೆ) ತಾಗಿದರೆ ಬೆಂಕಿಯ ಅಪಾಯವಿದೆ. ಹಳೆಯ ಕಾಲದ ಕಾರ್ಬ್ಯುರೇಟರ್ ಗಾಡಿಗಳಿಗೆ ಹೀಗೆ ಮಾಡುತ್ತಿದ್ದರೆಂಬ ಕಾರಣಕ್ಕೆ, ಸೆನ್ಸರ್ ಮತ್ತು ಕನೆಕ್ಟರ್‌ಗಳಿಂದ ತುಂಬಿರುವ ಈಗಿನ ಎಂಜಿನ್‌ಗೂ ಮಾಡಬಹುದು ಎಂದುಕೊಳ್ಳಬಾರದು.

ನೀರು ಬಿದ್ದ ಮೇಲೆ ನಮ್ಮ ಬಳಿಗೆ ಬರುವ ಗಾಡಿಗಳಲ್ಲಿ ಸಾಮಾನ್ಯವಾದ ದೂರು ಮಿಸ್ಸಿಂಗ್, ಅಂದರೆ ಎಂಜಿನ್ ಒಂದೇ ಸಮನೆ ಓಡದೆ ತಡವರಿಸುವುದು. ಸ್ಪಾರ್ಕ್ ಪ್ಲಗ್‌ಗಳು ಕೂತಿರುವ ಗುಳಿಗಳು ಆಳವಾಗಿರುತ್ತವೆ. ಕಾಯಿಲ್‌ನ ರಬ್ಬರ್ ಹಳೆಯದಾಗಿ ಬಿರುಕುಬಿಟ್ಟಿದ್ದರೆ ನೀರು ಒಳಗಿಳಿದು ನಿಲ್ಲುತ್ತದೆ, ಕಿಡಿ ಪ್ಲಗ್‌ಗೆ ತಲುಪುವ ಬದಲು ಹೊರಗೇ ಸೋರಿಹೋಗುತ್ತದೆ, ಗಾಡಿ ನಡುಗುತ್ತದೆ. ಎಷ್ಟೋ ವರ್ಷ ಓಡಿರುವ ನಿಮ್ಮ ಗಾಡಿಯಲ್ಲಿ ಆ ರಬ್ಬರ್ ಗಟ್ಟಿಯಾಗಿರುವ ಸಾಧ್ಯತೆ ಇದೆ. ಆದ್ದರಿಂದ ಟ್ಯಾಪೆಟ್ ಕವರಿನ ಮೇಲ್ಭಾಗಕ್ಕೆ ತುಂತುರು ನೀರೂ ಬೇಡ, ಒದ್ದೆ ಬಟ್ಟೆಯೇ ಸಾಕು.

ನಿಮ್ಮ ಪ್ರಶ್ನೆಯಲ್ಲಿ ನನಗೆ ಹೊಳಪಿಗಿಂತ ಮುಖ್ಯವಾಗಿ ಕಂಡಿದ್ದು ಆ ಕಪ್ಪು ಜಿಡ್ಡು. ಅದು ಬಹುಶಃ ಟ್ಯಾಪೆಟ್ ಕವರ್ ಪ್ಯಾಕಿಂಗ್‌ನಿಂದ (ಸೋರದಂತೆ ತಡೆಯುವ ಪಟ್ಟಿ) ಎಣ್ಣೆ ಒಸರುತ್ತಿರುವ ಗುರುತು. ಒರೆಸುವ ಮುನ್ನ ಮೊಬೈಲ್‌ನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ, ಚೆನ್ನಾಗಿ ಒರೆಸಿ ಒಣಗಿಸಿ, ಕೆಲವು ದಿನ ಓಡಿಸಿದ ಮೇಲೆ ಟಾರ್ಚ್ ಹಾಕಿ ಅದೇ ಅಂಚನ್ನು ನೋಡಿ. ಹೊಸದಾಗಿ ಎಣ್ಣೆ ಕಂಡರೆ ಪ್ಯಾಕಿಂಗ್ ಬದಲಾಯಿಸಲೇಬೇಕು. ಆ ಎಣ್ಣೆ ಇಳಿದು ಎಕ್ಸಾಸ್ಟ್ ಮೇಲೆ ಬಿದ್ದಾಗಲೇ ಸುಟ್ಟ ವಾಸನೆ ಬರುವುದು. ಎಂಜಿನ್ ಸ್ವಚ್ಛವಾಗಿದ್ದರೆ ಇಂಥ ಸೋರಿಕೆ ಆರಂಭದಲ್ಲೇ ಕಣ್ಣಿಗೆ ಬೀಳುತ್ತದೆ ಎಂಬುದಕ್ಕಾಗಿಯೇ ನಾನು ಎಲ್ಲರಿಗೂ ಈ ಕೆಲಸ ಮಾಡಿ ಎನ್ನುತ್ತೇನೆ.

ಉತ್ತರ: ಎಚ್‌.ಎಸ್‌.ಆರ್. ಬಡಾವಣೆಯಿಂದ

ಈ ಚರ್ಚೆಗೆ ಊರಿನ ಕಡೆಯಿಂದ ಒಂದು ವಿಷಯವನ್ನು ಸೇರಿಸಬೇಕೆನಿಸಿತು. 2024ರ ಮಾರ್ಚ್‌ನಲ್ಲಿ ಬೆಂಗಳೂರು ಜಲಮಂಡಳಿಯು ಕುಡಿಯುವ ನೀರಿನಿಂದ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ನಿಗದಿಪಡಿಸಿತು, 2025ರ ಫೆಬ್ರುವರಿಯಲ್ಲಿ ಅಂಥದೇ ಆದೇಶವನ್ನು ಮತ್ತೆ ಹೊರಡಿಸಿತು. ಮನೆಯ ಮುಂದೆ ಕಾವೇರಿ ನೀರಿನ ಪೈಪು ಹಿಡಿಯುವ ಮುನ್ನ ಇದು ನೆನಪಿರಲಿ. ಅದಕ್ಕಿಂತಲೂ ನನ್ನನ್ನು ಹೆಚ್ಚು ಕಾಡುವುದು ತೊಳೆದ ನೀರು ಎಲ್ಲಿಗೆ ಹೋಗುತ್ತದೆ ಎಂಬುದು. ರಸ್ತೆಬದಿಯ ಮಳೆನೀರಿನ ಚರಂಡಿ ರಾಜಕಾಲುವೆಗೆ, ರಾಜಕಾಲುವೆ ಕೆರೆಗೆ ಸೇರುತ್ತದೆ. ಎಂಜಿನ್ ಎಣ್ಣೆ ಮತ್ತು ಡಿಗ್ರೀಸರ್ ಬೆರೆತ ನೀರನ್ನು ಅಲ್ಲಿಗೆ ಬಿಡುವುದು ಬೆಳ್ಳಂದೂರು ಕೆರೆಯ ನೊರೆಯನ್ನು ಕಣ್ಣಾರೆ ನೋಡಿದ ನಮಗೆ ಸಲ್ಲದು. ಕಾರಿನ ಕೆಳಗೆ ಅಗಲವಾದ ಟ್ರೇ ಇಟ್ಟು ಅದರಲ್ಲಿ ಹಳೆಯ ಬಟ್ಟೆ ಹಾಸಿದರೆ ತೊಟ್ಟಿಕ್ಕುವುದೆಲ್ಲ ಅಲ್ಲೇ ಹೀರಿಕೊಳ್ಳುತ್ತದೆ. ಎಣ್ಣೆ ಹಿಡಿದ ಬಟ್ಟೆಗಳನ್ನು ಹಸಿ ಕಸಕ್ಕೆ ಸೇರಿಸದೆ, ಬೇರೆಯಾಗಿ ಕಟ್ಟಿ ಕೊಡಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಧನ್ಯವಾದಗಳು. ನೀರಿಲ್ಲದ ಕ್ರಮವನ್ನೇ ಅನುಸರಿಸುತ್ತೇನೆ. ಇಂದು ಬಾನೆಟ್ ತೆರೆದು ನೋಡಿದಾಗ ಬ್ಯಾಟರಿಯ ಟರ್ಮಿನಲ್ ಮೇಲೆ ಬಿಳಿ ಪುಡಿ, ಬ್ಯಾಟರಿಯ ಹಿಂದೆ ಇಲಿಯ ಹಿಕ್ಕೆ ಮತ್ತು ಹರಿದ ಹತ್ತಿಯಂತಹ ಚೂರುಗಳು ಕಾಣಿಸಿದವು. ಇವುಗಳಿಗೆ ಏನು ಮಾಡಬೇಕು?

ಉತ್ತರ: ಜಯನಗರದ ಹವ್ಯಾಸಿ

ಇಲಿಯ ವಿಷಯವನ್ನು ಮೊದಲು ಮುಗಿಸಿ ಸರ್, ಅಲ್ಲಿಯವರೆಗೆ ವ್ಯಾಕ್ಯೂಮ್ ಮತ್ತು ಒಣ ಬ್ರಷ್ ಎರಡೂ ಬೇಡ. ಇಲಿಯ ಮೂತ್ರದಿಂದ ಲೆಪ್ಟೊಸ್ಪೈರೋಸಿಸ್ ಅಂದರೆ ಇಲಿ ಜ್ವರ ಹರಡುತ್ತದೆ, ಒಣ ಹಿಕ್ಕೆಯ ಧೂಳನ್ನು ಉಸಿರಾಡುವುದೂ ಒಳ್ಳೆಯದಲ್ಲ. ಕೈಗವಸು ಮತ್ತು ಮಾಸ್ಕ್ ಹಾಕಿಕೊಂಡು, ಸೋಂಕುನಿವಾರಕವನ್ನು ಹಿಕ್ಕೆಯ ಮೇಲೆ ಮಾತ್ರ ಹನಿಸಿ ಸ್ವಲ್ಪ ಹೊತ್ತು ನೆನೆಯಲು ಬಿಟ್ಟು, ಕಾಗದದಿಂದ ಒರೆಸಿ ಚೀಲಕ್ಕೆ ಹಾಕಿ ಕಟ್ಟಿ. ಹತ್ತಿಯಂತಹ ಚೂರುಗಳು ಬಾನೆಟ್‌ನ ಒಳಪದರದವು ಇರಬೇಕು, ಅದರಲ್ಲಿ ತೂತಾಗಿದೆಯೇ ನೋಡಿ.

ಬಿಳಿ ಪುಡಿಗೆ ಅಡುಗೆ ಸೋಡಾ ಸಾಕು. ನೆಗೆಟಿವ್ ಕೇಬಲ್ ಮೊದಲು, ಪಾಸಿಟಿವ್ ಆಮೇಲೆ ಬಿಚ್ಚಿ. ಬಿಸಿ ನೀರಿನಲ್ಲಿ ಸೋಡಾ ಕಲಸಿ ಹಳೆಯ ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ನೊರೆ ನಿಂತ ಮೇಲೆ ಒದ್ದೆ ಬಟ್ಟೆಯಿಂದ ಒರೆಸಿ ಒಣಗಿಸಿ. ಸೋಡಾ ನೀರು ಬ್ಯಾಟರಿಯ ಒಳಗೆ ಇಳಿಯದಂತೆ ಮುಚ್ಚಳಗಳು ಭದ್ರವಾಗಿರಲಿ. ಜೋಡಿಸುವಾಗ ಪಾಸಿಟಿವ್ ಮೊದಲು, ನೆಗೆಟಿವ್ ಕೊನೆಗೆ, ಬಿಗಿ ಮಾಡಿದ ಮೇಲೆ ತೆಳುವಾಗಿ ಪೆಟ್ರೋಲಿಯಂ ಜೆಲ್ಲಿ. ಆದರೆ ಬ್ಯಾಟರಿಯನ್ನು ಮತ್ತೆ ಜೋಡಿಸುವುದಕ್ಕಿಂತ ಮೊದಲು ಅದರ ಸುತ್ತಲಿನ ವೈರುಗಳನ್ನೆಲ್ಲ ಟಾರ್ಚ್ ಬೆಳಕಿನಲ್ಲಿ ಬೆರಳಾಡಿಸಿ ನೋಡಿ, ಎಲ್ಲಾದರೂ ಹೊದಿಕೆ ಕಚ್ಚಿ ತಾಮ್ರ ಕಾಣುತ್ತಿದ್ದರೆ ಕಾರನ್ನು ಸ್ಟಾರ್ಟ್ ಮಾಡದೆ ಎಲೆಕ್ಟ್ರಿಷಿಯನ್ ಅನ್ನು ಮನೆಗೇ ಕರೆಸಿ.