ಮೈಸೂರು–ಮೇಲುಕೋಟೆ ಸುತ್ತು: ಸೈಕಲ್ಲಲ್ಲಿ ಹೋಗಿ ಬಂದವರು ಹೇಳಿ

ಪ್ರಶ್ನೆ: ನಮಸ್ಕಾರ. ನಾನು, ನನ್ನ ತಂಗಿ ಒಂದು ವರ್ಷದಿಂದ ರೋಡ್ ಬೈಕ್ ತುಳಿಯುತ್ತಿದ್ದೇವೆ. ವಾರಕ್ಕೊಮ್ಮೆ ಚಾಮುಂಡಿ ಬೆಟ್ಟ ಹತ್ತುತ್ತೇವೆ. ಆದರೆ ಒಂದೇ ದಿನ 60 ಕಿ.ಮೀ. ದಾಟಿಲ್ಲ. ಡಿಸೆಂಬರಿನಲ್ಲಿ ಮೈಸೂರು, ಶ್ರೀರಂಗಪಟ್ಟಣ, ಪಾಂಡವಪುರ, ಮೇಲುಕೋಟೆ, ವಾಪಸ್ ಕೆಆರ್‌ಎಸ್ ಮೇಲೆ ಮೈಸೂರು ಅಂತ ಹಳೇ ಕೋಟೆ, ಗುಡಿಗಳ ಊರು ಸುತ್ತಬೇಕೆಂಬ ಆಸೆ. ಆಗುತ್ತಾ? ನಾಗಮಂಗಲವನ್ನೂ ಸೇರಿಸಬಹುದಾ?

ಉತ್ತರ: ಖಂಡಿತ ಆಗುತ್ತದೆ ಮೇಡಂ. ನಾನು ಮೂರು ಸಲ ಹೋಗಿದ್ದೇನೆ. ಸುಮಾರು 110 ಕಿ.ಮೀ. ಆಗುತ್ತದೆ. ಎಲ್ಲರೂ ಮೇಲುಕೋಟೆ ಏರಿಗೆ ಹೆದರುತ್ತಾರೆ. ಚಾಮುಂಡಿ ಬೆಟ್ಟ ಹತ್ತಿದ ಕಾಲಿಗೆ ಅದು ದೊಡ್ಡದಲ್ಲ. ಕಷ್ಟ ಇರುವುದು ವಾಪಸ್ ಬರುವಾಗ. ಮೊದಲ ಸಲ ಮೇಲುಕೋಟೆಗೆ ಜೋರಾಗಿ ತುಳಿದುಕೊಂಡು ಹೋದೆ. ಪುಳಿಯೋಗರೆ, ಸಕ್ಕರೆ ಪೊಂಗಲ್ ಹೊಟ್ಟೆ ತುಂಬ ತಿಂದೆ. ಹನ್ನೊಂದೂವರೆಗೆ ಇಳಿಯಲು ಶುರು ಮಾಡಿದೆ. ಪಾಂಡವಪುರ ಮುಟ್ಟುವಷ್ಟರಲ್ಲಿ ತೊಡೆ ಹಿಡಿದುಕೊಂಡಿತು. ಕೆಆರ್‌ಎಸ್ ಹತ್ತಿರ ಒಂದು ಗಂಟೆ ಮರದ ಕೆಳಗೆ ಮಲಗಿದ್ದೆ. ಅಣೆಕಟ್ಟೆಯ ಕೆಳಗೆ ಹೊಳೆ ದಾಟಿದ ಮೇಲೆ ಬೆಳಗೊಳದಿಂದ ಮೈಸೂರಿನವರೆಗೆ ರಸ್ತೆ ನಿಧಾನವಾಗಿ ಏರುತ್ತಲೇ ಹೋಗುತ್ತದೆ. ಕಣ್ಣಿಗೆ ಕಾಣಲ್ಲ, ಕಾಲಿಗೆ ಗೊತ್ತಾಗುತ್ತದೆ.

ಅದಕ್ಕೇ ಬೆಳಗ್ಗೆ ಐದಕ್ಕೆ ಹೊರಡಿ. ಮುಂದೆ, ಹಿಂದೆ ಎರಡೂ ಲೈಟ್ ಇರಲಿ. ಬೆಂಗಳೂರು–ಮೈಸೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟಿನಿಂದ ಬೈಕು, ಆಟೋಗಳ ಜೊತೆ ಸೈಕಲ್ಲಿಗೂ ಪ್ರವೇಶ ಇಲ್ಲ. ಸರ್ವಿಸ್ ರಸ್ತೆಯಲ್ಲೇ ಹೋಗಿ. ಬೆಳಕು ಹರಿಯುವ ಹೊತ್ತಿಗೆ ಶ್ರೀರಂಗಪಟ್ಟಣದ ಕೋಟೆ ಒಳಗಿರುತ್ತೀರಿ. ಆ ಹೊತ್ತಿನಲ್ಲಿ ಬೀದಿಯಲ್ಲಿ ಯಾರೂ ಇರಲ್ಲ. 1799ರ ಮೇ 4ರಂದು ಟಿಪ್ಪು ಬಿದ್ದ ಜಾಗದ ಪಕ್ಕದಲ್ಲಿ ಸೈಕಲ್ ನಿಲ್ಲಿಸಿ ಆ ಗೋಡೆಗಳನ್ನು ಸುಮ್ನೆ ನೋಡುವುದೇ ಬೇರೆ. ಬಸ್ಸಿನಲ್ಲಿ ನಲವತ್ತು ಸಲ ಹೋದಾಗಲೂ ನನಗೆ ಅದು ಸಿಕ್ಕಿರಲಿಲ್ಲ.

ಪಾಂಡವಪುರ ದಾಟಿ ಮೇಲುಕೋಟೆ ದಾರಿಯ ಜಕ್ಕನಹಳ್ಳಿ ಕಡೆ ಹೋಗುವಾಗ ಹೆದ್ದಾರಿಯಿಂದ ಸ್ವಲ್ಪ ಒಳಗೆ ತೊಣ್ಣೂರು ಕೆರೆ ಇದೆ, ಬಿಡಬೇಡಿ. ರಾಮಾನುಜಾಚಾರ್ಯರು ಇದ್ದ ಊರು ಅಂತ ಹೇಳುತ್ತಾರೆ. ನಂಬಿನಾರಾಯಣನ ಗುಡಿ ಇದೆ. ಏರು ಶುರುವಾಗುವ ಮುಂಚೆ ಹತ್ತು ನಿಮಿಷ ಕೂರಲು ಇದಕ್ಕಿಂತ ಒಳ್ಳೆ ಜಾಗ ಈ ದಾರಿಯಲ್ಲಿ ನನಗೆ ಕಂಡಿಲ್ಲ.

ಉತ್ತರ: ನಾನು ಪಾಂಡವಪುರದ ಕಡೆಯವನು. ಡಿಸೆಂಬರ್ ಅಂದಿರಿ, ಅದಕ್ಕೇ ಬರೆಯುತ್ತಿದ್ದೇನೆ. ನಮ್ಮಲ್ಲಿ ಕಬ್ಬು ಕಟಾವು ನಡೆಯುತ್ತಿರುತ್ತದೆ. ಕಬ್ಬು ತುಂಬಿದ ಟ್ರ್ಯಾಕ್ಟರ್ ಪಕ್ಕದಲ್ಲಿ ನುಗ್ಗಬೇಡಿ. ಡ್ರೈವರಿಗೆ ಹಿಂದೆ ಏನಿದೆ ಅಂತ ಕಾಣಲ್ಲ, ಮೇಲಿಂದ ಜಲ್ಲೆ ಬೀಳುತ್ತಿರುತ್ತವೆ. ಇನ್ನೊಂದು, ರಾಗಿ, ಹುರುಳಿ ಒಕ್ಕಣೆ. ಹಳ್ಳಿ ರಸ್ತೆ ತುಂಬ ಹರಡಿರುತ್ತಾರೆ. ದೂರದಿಂದ ಮೆತ್ತಗೆ ಕಾಣುತ್ತದೆ, ತೆಳು ಟೈರು ಜಾರುತ್ತದೆ. ಹುಲ್ಲು ಚೈನಿಗೆ, ಗೇರಿಗೆ ಸುತ್ತಿಕೊಂಡು ಎರಡು ವರ್ಷದ ಹಿಂದೆ ನನ್ನ ಹಿಂದಿನ ಗೇರ್ ಮುರಿದೇ ಹೋಯಿತು. ಇಳಿದು ತಳ್ಳಿಕೊಂಡು ದಾಟಿ. ಅದು ರೈತರ ಅನ್ನ, ಮೇಲೆ ಹತ್ತಿಸಬೇಡಿ.

ಆಲೆಮನೆ ಕಂಡರೆ ನಿಲ್ಲಿ. ಬಿಸಿ ಬೆಲ್ಲ ಒಂದು ಉಂಡೆ ಜೇಬಲ್ಲಿ ಇಟ್ಟುಕೊಂಡರೆ ಪೇಟೆಯಿಂದ ತಂದ ಎನರ್ಜಿ ಜೆಲ್ (ಶಕ್ತಿಗೆ ತಿನ್ನುವ ಸಿಹಿ ಪೊಟ್ಟಣ) ಬೇಕಿಲ್ಲ. ಇನ್ನೊಮ್ಮೆ ಬಂದರೆ ಚಿನಕುರಳಿ ಕಡೆಗೂ ಬನ್ನಿ. 1771ರಲ್ಲಿ ಮರಾಠರು ಹೈದರಾಲಿಯ ಸೈನ್ಯವನ್ನು ಸೋಲಿಸಿದ್ದು ಅಲ್ಲೇ. ಈಗ ಎಲ್ಲಾ ಗದ್ದೆ, ತೋಟ.

ಉತ್ತರ: ಪಂಕ್ಚರ್ ಬಗ್ಗೆ ಯಾರೂ ಹೇಳಲಿಲ್ಲ. ರೋಡ್ ಬೈಕಿನ ತೆಳು ವಾಲ್ವಿಗೆ ಹಳ್ಳಿ ಅಂಗಡಿಯ ಪಂಪ್ ಕೂರಲ್ಲ. ಹೆಬ್ಬೆರಳಿನ ತುದಿಯಷ್ಟಿರುವ ಹಿತ್ತಾಳೆ ಅಡಾಪ್ಟರ್ ಸಿಗುತ್ತದೆ, ತಲಾ ಒಂದು ಇಟ್ಟುಕೊಳ್ಳಿ. ಎರಡು ಟ್ಯೂಬ್, ಚಿಕ್ಕ ಪಂಪ್ ಕೂಡ.

ಉತ್ತರ: ನಾಗಮಂಗಲ ಈ ಸಲ ಬೇಡಮ್ಮ. ಜಕ್ಕನಹಳ್ಳಿಯಿಂದ ಹೋಗಿ ಬಂದರೆ ಒಟ್ಟು 160ರ ಹತ್ತಿರ ಆಗುತ್ತದೆ. ನನಗೆ 58 ವಯಸ್ಸು. ಈ ದಾರಿಯಲ್ಲಿ ಆ ಊರೇ ನನಗೆ ತುಂಬಾ ಇಷ್ಟ. ಹೊಯ್ಸಳರ ಕಾಲದ ಸೌಮ್ಯಕೇಶವ ಗುಡಿಯನ್ನು ಓಡುತ್ತಾ ನೋಡುವುದು ಅನ್ಯಾಯ. ಅದಕ್ಕೆ ಬೇರೆ ಒಂದು ದಿನ ಇಡಿ. ಮತ್ತೆ, ಜೂನ್‌ನಿಂದ ಆಗಸ್ಟ್‌ವರೆಗೆ ಈ ಸುತ್ತಿಗೆ ಹೋಗಬೇಡಿ. ಪಡುವಲ ಗಾಳಿ ವಾಪಸ್ ಬರುವಾಗ ಎದುರಿಗೇ ಹೊಡೆಯುತ್ತದೆ. ಡಿಸೆಂಬರ್ ಸರಿಯಾದ ಕಾಲ. ಮಾರ್ಚ್–ಏಪ್ರಿಲ್‌ನ ವೈರಮುಡಿ ಉತ್ಸವದ ಹೊತ್ತಿನಲ್ಲಂತೂ ಮೇಲುಕೋಟೆ ರಸ್ತೆಯಲ್ಲಿ ಸೈಕಲ್ಲಿಗೆ ಜಾಗವೇ ಇರಲ್ಲ.

ಕೇಳಿದವರು: ಎಲ್ಲರಿಗೂ ತುಂಬಾ ಥ್ಯಾಂಕ್ಸ್. ನಾಗಮಂಗಲ ಬಿಟ್ಟೆವು. ಒಂದೇ ಪ್ರಶ್ನೆ: ಮೇಲುಕೋಟೆಯ ಯೋಗನರಸಿಂಹನ ಬೆಟ್ಟ ಹತ್ತುವಾಗ ಸೈಕಲ್ ಎಲ್ಲಿ ಬಿಡುವುದು?

ಉತ್ತರ: (ಮೊದಲು ಬರೆದವನೇ.) ನಾನು ಕಲ್ಯಾಣಿ ಹತ್ತಿರದ ಒಂದು ಅಂಗಡಿಯಲ್ಲಿ ತಿಂಡಿ ತಿಂದು, ಅವರನ್ನೇ ಕೇಳಿ ಅಲ್ಲೇ ಬಿಟ್ಟೆ. ಎರಡು ಸೈಕಲ್ ಸೇರಿಸಿ ಬೀಗ ಹಾಕಿ. ಕ್ಲೀಟ್ ಶೂನಲ್ಲಿ (ಪೆಡಲಿಗೆ ಸಿಕ್ಕಿಸುವ ಶೂ) ಕಲ್ಲು ಮೆಟ್ಟಿಲು ಹತ್ತಬೇಡಿ, ಜಾರುತ್ತದೆ. ಹಗುರ ಚಪ್ಪಲಿ ಬ್ಯಾಗಲ್ಲಿರಲಿ. ಒಂಬತ್ತರೊಳಗೆ ಹತ್ತಿ ಇಳಿದುಬಿಡಿ. ಆಮೇಲೆ ಬಿಸಿಲಿಗೆ ಕಲ್ಲು ಕಾಯುತ್ತದೆ.