ಪ್ರಿಂಟ್ ಮಾಡಿದ ಟೈಟಾನಿಯಂ ಬ್ರಾಕೆಟ್: ಟೆನ್ಸೈಲ್ (ಎಳೆಯುವ ಟೆಸ್ಟ್) ಪಾಸ್, ಫಟೀಗ್‌ನಲ್ಲಿ (ಮತ್ತೆ ಮತ್ತೆ ಲೋಡ್ ಹಾಕುವ ಟೆಸ್ಟ್) ಮುರಿಯಿತು, ಯಾಕೆ?

ಪೀಣ್ಯ_ಡಿಸೈನ್
ಎಲ್ಲರಿಗೂ ನಮಸ್ಕಾರ. ಟಿಐ-64 (ಅಲ್ಯುಮಿನಿಯಂ, ವನೇಡಿಯಂ ಬೆರೆತ ಟೈಟಾನಿಯಂ) ಪುಡಿಯಲ್ಲಿ, ಪುಡಿಯನ್ನು ಪದರ ಪದರವಾಗಿ ಕರಗಿಸುವ ಲೇಸರ್ ಪೌಡರ್ ಬೆಡ್ ಮೆಷಿನ್‌ನಲ್ಲಿ ಒಂದು ಬ್ರಾಕೆಟ್ ಪ್ರಿಂಟ್ ಮಾಡಿಸಿದೆವು. ಜೊತೆಗೇ ಪ್ರಿಂಟ್ ಆದ ಟೆಸ್ಟ್ ಪೀಸ್ ಎಳೆದಾಗ 1150 ಎಂಪಿಎ (ಮೆಗಾಪ್ಯಾಸ್ಕಲ್) ತಡೆಯಿತು. ಇದೇ ಮಿಶ್ರಲೋಹದ ಗ್ರೇಡ್ 5 ರಾಡ್‌ಗೆ ಸ್ಟ್ಯಾಂಡರ್ಡ್ ಕೇಳುವುದೇ ಕನಿಷ್ಠ 895, ಹಾಗಾಗಿ ನಿಶ್ಚಿಂತೆಯಾಗಿದ್ದೆ. ಆದರೆ ಫಟೀಗ್ ರಿಗ್‌ನಲ್ಲಿ 60 ಸಾವಿರ ಸೈಕಲ್‌ಗೇ ಮುರಿಯಿತು. ಬಿಲೆಟ್‌ನಿಂದ (ಗಟ್ಟಿ ಲೋಹದ ತುಂಡು) ಮಿಲ್ಲಿಂಗ್ ಮಾಡಿದ ಅದೇ ಬ್ರಾಕೆಟ್ ಅದೇ ಲೋಡ್‌ನಲ್ಲಿ 10 ಲಕ್ಷ ದಾಟಿದೆ. ಸ್ಟ್ರೆಸ್ ರಿಲೀವಿಂಗ್ (ಒಳ ಬಿಗಿತ ಇಳಿಸಲು ಬಿಸಿ ಮಾಡುವುದು) ಆಗಿದೆ, ಮೇಲ್ಮೈಗೆ ಬರೀ ಬ್ಲಾಸ್ಟಿಂಗ್ (ಕಾಳು ಹೊಡೆದು ಶುಚಿ ಮಾಡುವುದು). ಪ್ರಿಂಟಿಂಗ್ ಬಿಟ್ಟುಬಿಡಿ ಅಂತ ಬಾಸ್ ಹೇಳುತ್ತಿದ್ದಾರೆ. ನನಗೆ ಮನಸ್ಸಿಲ್ಲ.

ಕುಲುಮೆ
1150 ನೋಡಿ ಖುಷಿ ಪಡಬೇಡಿ ಸರ್. ಲೇಸರ್ ಕರಗಿಸಿದ ಲೋಹ ಕ್ಷಣದಲ್ಲಿ ತಣ್ಣಗಾಗುವುದರಿಂದ ಒಳಗೆ ಮಾರ್ಟೆನ್‌ಸೈಟ್ ಎಂಬ ಗಡಸು ರಚನೆ ಆಗುತ್ತದೆ, ಬಲ ಜಾಸ್ತಿ, ಹಿಗ್ಗುವ ಗುಣ ಕಡಿಮೆ. ಇಲಾಂಗೇಷನ್ (ಮುರಿಯುವ ಮುನ್ನ ಹಿಗ್ಗಿದ್ದು) ಎಷ್ಟು ಬಂತು? ಇನ್ನೊಂದು, ಟೆನ್ಸೈಲ್‌ನಲ್ಲಿ ಇಡೀ ಅಡ್ಡಕೊಯ್ತ ಭಾರ ಹೊರುತ್ತದೆ, ಅಲ್ಲೊಂದು ಇಲ್ಲೊಂದು ಸಣ್ಣ ರಂಧ್ರ ಇದ್ದರೂ ನಂಬರ್ ಚೆನ್ನಾಗೇ ಬರುತ್ತದೆ. ಫಟೀಗ್ ಹಾಗಲ್ಲ, ಎಲ್ಲಕ್ಕಿಂತ ಕೆಟ್ಟ ಜಾಗ ಎಲ್ಲಿದೆಯೋ ಅಲ್ಲಿಂದಲೇ ಬಿರುಕು ಶುರು. ಮುರಿದ ಮುಖವನ್ನು ಉಜ್ಜಬೇಡಿ, ಹಾಗೇ ಎಸ್‌ಇಎಂನಲ್ಲಿ (ಎಲೆಕ್ಟ್ರಾನ್ ಮೈಕ್ರೋಸ್ಕೋಪ್) ನೋಡಿ. ದುಂಡಗಿನ ರಂಧ್ರ ಇದ್ದರೆ ಗ್ಯಾಸ್ ಸಿಕ್ಕಿಕೊಂಡಿದೆ, ಇಲ್ಲವೇ ಲೇಸರ್ ಪವರ್ ಜಾಸ್ತಿಯಾಗಿದೆ. ಚಪ್ಪಟೆ, ಅಡ್ಡಾದಿಡ್ಡಿ ಸಂದಿನಲ್ಲಿ ಕರಗದ ಪುಡಿಯ ಕಾಳು ಕಂಡರೆ ಪದರಗಳು ಸರಿಯಾಗಿ ಬೆಸೆದಿಲ್ಲ.

ಮಲೆನಾಡ_ಮೆಕ್ಯಾನಿಕಲ್
ಟೆಸ್ಟ್ ಪೀಸ್ ಮಲಗಿಸಿ ಪ್ರಿಂಟ್ ಮಾಡಿದ್ರಾ, ನಿಲ್ಲಿಸಿಯಾ? ಬೆಸೆಯದ ಸಂದುಗಳು ಪದರದ ಜೊತೆಗೇ ಮಲಗಿರುತ್ತವೆ, ಪೇರಿಸಿಟ್ಟ ರೊಟ್ಟಿಗಳ ನಡುವಿನ ಸಂದಿನ ಹಾಗೆ. ಪದರದ ಉದ್ದಕ್ಕೆ ಎಳೆದರೆ ಅಷ್ಟು ತೊಂದರೆಯಿಲ್ಲ. ಮೇಲಕ್ಕೆ ಎಳೆದರೆ ಬಾಯಿ ಬಿಡುತ್ತವೆ.

ಪೀಣ್ಯ_ಡಿಸೈನ್
ನೋಡಿಸಿದೆ. ಇಲಾಂಗೇಷನ್ ಬರೀ 6%. ಟೆಸ್ಟ್ ಪೀಸ್ ಮಲಗಿಸಿ ಪ್ರಿಂಟ್ ಮಾಡಿ ಲೇತ್‌ನಲ್ಲಿ ಟರ್ನಿಂಗ್ ಮಾಡಿದ್ದು, ಬ್ರಾಕೆಟ್‌ಗೆ ಲೋಡ್ ಬರುವುದು ಝಡ್ ದಿಕ್ಕಿನಲ್ಲಿ, ಅಂದರೆ ಪದರಗಳಿಂದ ಮೇಲಕ್ಕೆ. ಬಿರುಕು ಶುರುವಾಗಿದ್ದು ಕೆಳಮುಖದ ಫಿಲೆಟ್‌ನಲ್ಲಿ (ಒಳಮೂಲೆಯ ದುಂಡನೆ ತಿರುವು), ಸಪೋರ್ಟ್ (ಪ್ರಿಂಟ್ ಆಗುವಾಗ ಕೊಟ್ಟ ಆಧಾರ) ಕಿತ್ತ ಜಾಗದ ಪಕ್ಕ. ಅಲ್ಲಿ ಅರೆಬರೆ ಅಂಟಿದ ಪುಡಿ, ಅದರ ಕೆಳಗೇ ಒಂದು ಚಪ್ಪಟೆ ಸಂದು. ಎಚ್‌ಐಪಿ (ಬಿಸಿ ಮಾಡಿ ಎಲ್ಲ ಕಡೆಯಿಂದ ಗ್ಯಾಸ್ ಒತ್ತಡ ಹಾಕುವುದು) ಮಾಡಿಸಿದರೆ ಸಾಕಾ?

ಕುಲುಮೆ
ಅದೊಂದೇ ಸಾಲದು. ಸುಮಾರು 920 ಡಿಗ್ರಿ, 100 ಎಂಪಿಎ ಆರ್ಗಾನ್ ಒತ್ತಡ, 2 ಗಂಟೆ: ಒಳಗಿನ ರಂಧ್ರ ಮುಚ್ಚುತ್ತದೆ, ಮಾರ್ಟೆನ್‌ಸೈಟ್ ಒಡೆದು ಆಲ್ಫಾ-ಬೀಟಾ ಎಂಬ ರಚನೆ ಆಗುತ್ತದೆ, ಬಲ ಸ್ವಲ್ಪ ಇಳಿದು ಇಲಾಂಗೇಷನ್ ಏರುತ್ತದೆ. ಆದರೆ ಮೇಲ್ಮೈಗೆ ಬಾಯಿ ತೆರೆದ ರಂಧ್ರಕ್ಕೆ ಗ್ಯಾಸೇ ಒಳಗೆ ಹೋಗುವುದರಿಂದ ಅದು ಮುಚ್ಚುವುದಿಲ್ಲ. ಒರಟು ಮೇಲ್ಮೈಯೂ ಹಾಗೇ ಉಳಿಯುತ್ತದೆ. ಎಚ್‌ಐಪಿ ಆದ ಮೇಲೆ ಆ ಫಿಲೆಟ್ ಮಷಿನಿಂಗ್ ಆಗಲೇಬೇಕು, ಅದಕ್ಕೆ ಡ್ರಾಯಿಂಗ್‌ನಲ್ಲೇ ಅಲವೆನ್ಸ್ (ಕೆತ್ತಿ ತೆಗೆಯಲು ಹೆಚ್ಚುವರಿ ಲೋಹ) ಬಿಡಿ. ಬಾಸ್‌ಗೆ ಇಸ್ರೋದ ಪ್ರಿಂಟ್ ಮಾಡಿದ ಪಿಎಸ್4 ಎಂಜಿನ್ (ಪಿಎಸ್‌ಎಲ್‌ವಿ ರಾಕೆಟ್‌ನ ನಾಲ್ಕನೇ ಹಂತದ್ದು) ತೋರಿಸಿ: 14 ಭಾಗ ಒಂದೇ ಆಯಿತು, 19 ವೆಲ್ಡ್ ಹೋದವು, 2024ರ ಮೇ 9ರಂದು ಟೆಸ್ಟ್‌ನಲ್ಲಿ 665 ಸೆಕೆಂಡ್ ಉರಿಯಿತು.

ಪೀಣ್ಯ_ಡಿಸೈನ್
ಥ್ಯಾಂಕ್ಸ್. ಬ್ರಾಕೆಟ್ ತಿರುಗಿಸಿ ಇಡುತ್ತೇನೆ, ಫಿಲೆಟ್ ಮೇಲ್ಮುಖ ಬರುವ ಹಾಗೆ, 1 ಮಿಮೀ ಜಾಸ್ತಿ ಬಿಟ್ಟು. ಈ ಸಲ ಟೆಸ್ಟ್ ಪೀಸ್‌ಗಳನ್ನು ಅದೇ ಪ್ಲೇಟ್ ಮೇಲೆ ನಿಲ್ಲಿಸಿಯೇ ಪ್ರಿಂಟ್ ಮಾಡಿಸುತ್ತೇನೆ, ಅರ್ಧದಷ್ಟನ್ನು ಟರ್ನಿಂಗ್ ಮಾಡದೆ ಹಾಗೇ ಫಟೀಗ್‌ಗೆ ಹಾಕಿಸುತ್ತೇನೆ. ರಿಸಲ್ಟ್ ಬಂದ ತಕ್ಷಣ ಇಲ್ಲೇ ಹಾಕುತ್ತೇನೆ.